ಒಂದು ಮನೆ ಕೆಳಗೆ

“ಕೆಮ್ಮಿಗೆ ಜೇನುತುಪ್ಪ ಒಳ್ಳೇದು ಸ್ವಾಮಿ,” ಎಂದು ಪಕ್ಕದ ಮೇಜಿನ ಮುದುಕ ಬೇಯಿಸಿದ ಮೊಟ್ಟೆಯ ತಲೆ ಒಡೆಯುತ್ತ ಹೇಳಿದಾಗ, ತನ್ನ ಬಾಯಿಂದ ಈಗಷ್ಟೇ ಹೊರಟದ್ದು ಯಾರ ಕಿವಿಗೂ ಹಾಡಿನ ಸ್ವರವಾಗಿ ಬಿದ್ದಿಲ್ಲ ಎಂಬುದು ಅರ್ನುಲ್ಫ್ ಬೆಸ್ಲರನಿಗೆ ಖಾತ್ರಿಯಾಯಿತು. ಭಾನುವಾರದ ಬೆಳಗು, ಹೋಟೆಲಿನ ತಿಂಡಿಯ ಕೋಣೆ. ಕಾಫಿ ತರಲು ಹೋದವನಿಗೆ ಮೂಲೆಯಲ್ಲಿ ಪಿಯಾನೊ ಕಂಡಿತ್ತು. ಬೀದಿಯಲ್ಲಿ ಸಿಕ್ಕ ಪರಿಚಯದ ನಾಯಿಯ ತಲೆ ಸವರುವ ಹಾಗೆ ಅದರ ಒಂದು ಮನೆಯನ್ನು ಒತ್ತಿದ್ದ. ಬಿಳಿ ಮನೆಗಳಲ್ಲಿ ಐದನೆಯದು, ಬಿಳಿ ಐದು. ಇವತ್ತಿನ ತನ್ನ ಸಂಗೀತ ಕಚೇರಿಯ ಕೊನೆಯ ಹಾಡು ಏರಿ ನಿಲ್ಲಬೇಕಾದ ತುದಿ ಅದೇ. ಒತ್ತಿದ ಮೇಲೆ ಸುಮ್ಮನಿರಲಾಗದೆ ಅದರ ಜೊತೆಗೆ ಮೆಲ್ಲಗೆ “ಆ” ಎಂದಿದ್ದ. ಸ್ವರ ಅರ್ಧ ದಾರಿಯಲ್ಲಿ ಕಾಲು ಜಾರಿತು. ಬಂದದ್ದು ಒಣಗಿದ ಬಾಗಿಲ ಕೀಲಿನ ಸದ್ದು. ಇನ್ನೊಮ್ಮೆ ಒತ್ತಿ, ಹೊಟ್ಟೆ ಒಳಗೆಳೆದುಕೊಂಡು, ಕಲಿತ ವಿದ್ಯೆಯನ್ನೆಲ್ಲ ಕಂಠಕ್ಕೆ ತಂದು ಮತ್ತೆ ಎಂದ. ಮತ್ತೆ ಬಾಗಿಲೇ ಕಿರುಗುಟ್ಟಿತು. ಆಗಲೇ ಮುದುಕ ಜೇನುತುಪ್ಪದ ಮಾತಾಡಿದ್ದು. ತಟ್ಟೆ ಎತ್ತಲು ಬಂದ ಹುಡುಗಿ, “ನಿನ್ನೆ ತಾನೇ ಶ್ರುತಿ ಮಾಡ್ಸಿದ್ದು ಸಾರ್, ನೀವು ಬರ್ತೀರಿ ಅಂತ. ಈಗ ಒಂಚೂರೂ ಸುಳ್ಳು ಹೇಳಲ್ಲ ಅದು,” ಎಂದು ಹೆಮ್ಮೆಯಿಂದ ಹೇಳಿದಳು. “ಡಾಂಕೆ,” ಎಂದ ಬೆಸ್ಲರ್. ಮುದುಕನ ಕಡೆಗೂ ತಿರುಗಿ ಇನ್ನೊಂದು “ಡಾಂಕೆ” ಎಂದ. ಜೇನಿನ ಬಟ್ಟಲನ್ನೂ ಹತ್ತಿರ ಎಳೆದುಕೊಂಡ.

ಉಪಕಾರದ ಆ ಮಾತು ಅವನ ಬಾಯಿಂದ ಉಸಿರಿನಷ್ಟೇ ಸಲೀಸಾಗಿ ಬರುತ್ತಿತ್ತು. ತಾನಾಗಿ ತೆರೆದುಕೊಳ್ಳುವ ಅಂಗಡಿಯ ಬಾಗಿಲಿಗೆ ಡಾಂಕೆ, ಟ್ರಾಮಿಗೆ ಡಾಂಕೆ, ಮೊದಲ ಸಲಕ್ಕೇ ಕಾಜಕ್ಕೆ ಹೊಕ್ಕ ಗುಂಡಿಗೆ ಡಾಂಕೆ. ಒಮ್ಮೆ ಹಲ್ಲು ಕಿತ್ತ ಡಾಕ್ಟರಿಗೆ ಹೇಳಿ, ಸಾಲದೆಂದು ಕಿತ್ತ ಹಲ್ಲಿಗೂ ಹೇಳಿ, ದವಡೆ ಮರಗಟ್ಟಿದ್ದರಿಂದ ಎರಡೂ ಸಲ ಬೈಗುಳದ ಹಾಗೆ ಕೇಳಿಸಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವನು ನೆನೆಯುತ್ತಿದ್ದದ್ದು ತನ್ನ ಕೊರಳಲ್ಲಿ ಬಾಡಿಗೆಗಿದ್ದ ಆ ಕಂಠದ ಉಪಕಾರವನ್ನು. ಬಾಡಿಗೆಗಿದ್ದ ಎನ್ನುವುದೇ ಸರಿ. ದನದ ವ್ಯಾಪಾರಿಯ ಮಗನಾಗಿ ಹುಟ್ಟಿದವನು. ಸಂತೆಯಲ್ಲಿ ಅಪ್ಪ ಮೂರು ಬೀದಿಯಾಚೆಯ ಹೋರಿಗೆ ಕೇಳುವಂತೆ ಕೂಗುತ್ತಿದ್ದನೇ ಹೊರತು ಮನೆಯಲ್ಲಿ ಹಾಡಿದವರಿಲ್ಲ. ಹದಿನೇಳರಲ್ಲಿ ಒಂದು ದಿನ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಗುನುಗಿದಾಗ, ಕತ್ತರಿ ಹಿಡಿದಿದ್ದವನು ಗಿರಾಕಿಯ ಒಂದು ಕಡೆಯ ಮೀಸೆಯನ್ನು ಹಾಗೇ ಬಿಟ್ಟು ತಿರುಗಿ ನೋಡಿದ್ದ. ಆ ಗಿರಾಕಿ ಸಂಗೀತ ಶಾಲೆಯ ಮೇಷ್ಟ್ರಾಗಿದ್ದ. ಇಲ್ಲದಿದ್ದರೆ ಬೆಸ್ಲರ್ ಇವತ್ತಿಗೂ ಹೋರಿಗಳ ಹಲ್ಲು ನೋಡಿಕೊಂಡಿರುತ್ತಿದ್ದ. ಯಾರೋ ಕೇಳದೆ ಬಂದು ಇಳಿದುಕೊಂಡ ಹಾಗೆ ಬಂದಿತ್ತು ಕಂಠ. ಬಂದದ್ದು ಕೇಳಿ ಅಲ್ಲ, ಹೋಗುವುದೂ ಕೇಳಿ ಅಲ್ಲ. ಹಾಗಾದರೆ ನಿನ್ನೆ ಸಂಜೆಯಿಂದ ಈ ಬೆಳಿಗ್ಗೆಯೊಳಗೆ ಗಂಟುಮೂಟೆ ಕಟ್ಟಿಕೊಂಡು ಹೋಯಿತೆ? ನಿನ್ನೆ ಸಂಜೆ, ಪಿಯಾನೊ ನುಡಿಸುವ ಗೆರ್ಲಿಂಡಳ ಜೊತೆ ತಾಲೀಮಿನಲ್ಲಿ ಇದೇ ತುದಿಯ ಮೇಲೆ ಕೊಕ್ಕರೆಯ ಹಾಗೆ ನಿಂತಿದ್ದ. ಗುರುವಾರ ಮನೆಯಲ್ಲೂ ನಿಂತಿದ್ದ. ಅರವತ್ಮೂರಕ್ಕೆ ಇದು ಬರುವುದಿಲ್ಲ ಎಂದವರೆಲ್ಲ ಬಂದು ನೋಡಲಿ ಎಂದು ಕನ್ನಡಿಗೆ ಹೇಳಿದ್ದ.

ಬಂದು ನೋಡಲಿ ಎಂದು ಕನ್ನಡಿಗೆ ಮಾತ್ರ ಹೇಳಿದ್ದರೆ ಚೆನ್ನಾಗಿತ್ತು. ಹೋಟೆಲಿನಿಂದ ಬಿಸಿನೀರಿನ ಬುಗ್ಗೆಗಳ ತೋಟದೊಳಗೆ ಹಾದು ಸಭಾಭವನಕ್ಕೆ ಹೋಗುವ ದಾರಿಯಲ್ಲಿ ಪ್ರತಿ ಕಂಬದ ಮೇಲೂ ಅವನೇ ಇದ್ದ. ತಲೆತುಂಬ ಕೂದಲಿದ್ದ ಕಾಲದ ಫೋಟೊ. ಕೆಳಗೆ ದಪ್ಪಕ್ಷರದಲ್ಲಿ, ‘ಇಡೀ ಗೀತಮಾಲೆ, ಮೂಲ ಶ್ರುತಿಯಲ್ಲಿ’. ಹಾಗೆ ಹಾಕಿಸಿ ಎಂದು ಊರಿನ ಸಂಗೀತ ಸಂಘದ ಶ್ರೀಮತಿ ಓಬರ್ಲೆಗೆ ಫೋನಿನಲ್ಲಿ ಹೇಳಿದವನು ಅವನೇ. ಆಕೆ ಊರಿನ ಔಷಧದಂಗಡಿಯವಳು. “ಮೂಲ ಶ್ರುತಿ ಅಂದ್ರೆ ಒಳ್ಳೇದಾ?” ಎಂದು ಕೇಳಿದ್ದಳು. “ವಯಸ್ಸಾದಂಗೆ ಎಲ್ರೂ ಹಾಡನ್ನ ಇಳಿಸ್ಕೋತಾರೆ ತಾಯಿ, ಒಂದು ಮನೆ, ಎರಡು ಮನೆ ಕೆಳಗೆ. ನಾನು ಇಳಿಸಿಲ್ಲ,” ಎಂದಿದ್ದ. “ಓ, ಹಾಗಾದ್ರೆ ನೀರು ಬೆರೆಸದ ಟಾನಿಕ್ಕು,” ಎಂದು ಆಕೆ ಒಪ್ಪಿದ್ದಳು. ಕಂಬದ ಮೇಲಿನ ಆ ಕೂದಲಿನವನನ್ನು ನೋಡಲಾಗದೆ ಬೆಸ್ಲರ್ ಮಫ್ಲರನ್ನು ಕಣ್ಣಿನವರೆಗೆ ಏರಿಸಿದ. ಈ ಉದ್ಯೋಗದಲ್ಲಿ ಸುತ್ತಿದ ಮಫ್ಲರುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಇಲ್ಲಿಂದ ಹ್ಯಾಂಬರ್ಗಿನ ಬಂದರಿನವರೆಗೆ ಹಾಸಬಹುದಿತ್ತು, ಉಳಿದದ್ದರಲ್ಲಿ ಒಂದು ಹಡಗು ಕಟ್ಟಬಹುದಿತ್ತು. ಶುರುವಿನಲ್ಲಿ ಒಪೆರಾ ಸೇರಿದ್ದ. ರಾಜನ ವೇಷ, ಮಾರುದ್ದದ ಕತ್ತಿ. ಎರಡನೇ ವರ್ಷ ಆ ಕತ್ತಿ ಕಾಲಿಗೆ ತೊಡರಿ ಇಡೀ ರಾಜ್ಯವನ್ನೇ ಎಳೆದುಕೊಂಡು ವಾದ್ಯದವರ ಹಳ್ಳಕ್ಕೆ ಉರುಳಿದಾಗ, ಬಿದ್ದದ್ದು ದೊಡ್ಡ ಡೋಲಿನ ಮೇಲೆ. ಜನ ಅದೂ ಸಂಗೀತದಲ್ಲಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಕತ್ತಿ, ಕಿರೀಟ, ಗಡ್ಡ ಎಲ್ಲ ಬಿಟ್ಟ. ಒಂದು ಕಪ್ಪು ಕೋಟು, ಒಂದು ಪಿಯಾನೊ, ಮೂರು ನಿಮಿಷದ ಸಣ್ಣ ಹಾಡುಗಳು. ಪಿಯಾನೊದ ಮಡಿಲಿನಂತಿರುವ ಬಾಗಿನಲ್ಲಿ ನಿಂತು, ಜನರ ಕಡೆ ಮುಖ ಮಾಡಿ, ಸತ್ತುಹೋದವರು ಬರೆದ ಸಾಲುಗಳನ್ನು ಬದುಕಿರುವವರ ಕಿವಿಗೆ ದಾಟಿಸುವುದು. ಅದಕ್ಕೇ ಹುಟ್ಟಿದ ಹಾಗಿತ್ತು. ಗ್ರಾಟ್ಸ್, ಹಾಲೆ, ಜ್ಯೂರಿಕ್, ಒಸಾಕಾ. ಒಸಾಕಾದಲ್ಲಿ ಒಬ್ಬ ಹೆಂಗಸು ಒಂದಕ್ಷರ ಅರ್ಥವಾಗದೆ ಅತ್ತು, ಅವನಿಗೆ ಒಂದು ಸೇಬುಹಣ್ಣನ್ನು ಎರಡೂ ಕೈಯಲ್ಲಿ ಕೊಟ್ಟಿದ್ದಳು. ಆ ಸೇಬನ್ನು ತಿನ್ನಲಾಗದೆ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಏನು ಮಾಡಿದ್ದೆ ನಾನು, ಇಷ್ಟೆಲ್ಲ ಸಿಗುವುದಕ್ಕೆ, ಎಂದು ಈಗಲೂ ಕೆಲವು ಬೆಳಗು ಹಲ್ಲುಜ್ಜುತ್ತ ನಿಂತುಬಿಡುತ್ತಿದ್ದ.

ಆದರೆ ಅದೇ ಬಾಯಿ ಲೋಥಾರ್ ಪಿಂಕನನ್ನು ‘ನೆಲಮಾಳಿಗೆ ಗಾಯಕ’ ಎಂದು ಕರೆದಿತ್ತು. ಕಂಬದ ಕೆಳಗೆ ಅದು ಯಾಕೆ ನೆನಪಾಯಿತೋ. ಲೋಥಾರ್ ಜೊತೆಯಲ್ಲಿ ಕಲಿತವನು, ಐವತ್ತೈದಕ್ಕೇ ಹಾಡುಗಳನ್ನು ಎರಡು ಮನೆ ಇಳಿಸಿಕೊಂಡವನು. ಯಾರದೋ ಹುಟ್ಟುಹಬ್ಬದ ಊಟದಲ್ಲಿ, ಎಲ್ಲರೂ ಆಲೂಗಡ್ಡೆ ಸೂಪಿನ ಮುಂದೆ ಕೂತಿದ್ದಾಗ, “ನಮ್ಮ ಲೋಥಾರ್ ಇನ್ನೊಂದು ಮೆಟ್ಲು ಇಳಿದ್ರೆ ಕಲ್ಲಿದ್ದಲು ಸಿಗತ್ತೆ,” ಎಂದಿದ್ದ ಬೆಸ್ಲರ್. ಮೇಜು ನಕ್ಕಿತು. ಲೋಥಾರನೂ ನಕ್ಕ. ನಕ್ಕು, ಚಮಚವನ್ನು ಸೂಪಿನೊಳಗೆ ಬಿಟ್ಟು, ಅದನ್ನು ಹುಡುಕುವವನ ಹಾಗೆ ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದ. ಆ ಬಗ್ಗಿದ ತಲೆಯ ಸುಳಿ ಈಗ ಬೆಸ್ಲರನ ಕಣ್ಣಿಗೆ ಕಟ್ಟಿತು. ಇವತ್ತು ಹನ್ನೊಂದರ ಮೇಲೆ ಇಡೀ ಊರಿನ ಮುಂದೆ, ತಾನೇ ಹಾಕಿಸಿದ ದಪ್ಪಕ್ಷರದ ಕೆಳಗೆ, ಬಾಗಿಲ ಕೀಲಿನ ಸದ್ದು ಬಂದರೆ? ಗೆರ್ಲಿಂಡಳಿಗೆ ಹೇಳಿ ಕೊನೆಯ ಹಾಡನ್ನು ಒಂದು ಮನೆ ಇಳಿಸಿಕೊಳ್ಳಬಹುದು. ಒಂದೇ ಮಾತು. ಆದರೆ ಆ ಒಂದು ಮಾತು ಹೇಳುವುದೆಂದರೆ ಲೋಥಾರನ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತ ಹಾಗೆ. ಸಭಾಭವನದ ಬಾಗಿಲು ತಾನಾಗಿ ತೆರೆಯಿತು. ಅದಕ್ಕೆ ಡಾಂಕೆ ಹೇಳುವುದನ್ನೂ ಮರೆತ.

ಗೆರ್ಲಿಂಡ ಫೋಸ್ ವೇದಿಕೆಯ ಹಿಂದಿನ ಕೋಣೆಯಲ್ಲಿ, ಮಡಿಸಿಟ್ಟ ಕುರ್ಚಿಗಳ ನಡುವೆ, ಬಿಸಿನೀರಿನ ರಬ್ಬರ್ ಚೀಲವನ್ನು ಬೆಕ್ಕಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಅದರ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು. ಬೆರಳಿನ ಗಿಣ್ಣುಗಳು ಶುಂಠಿಯ ಹಾಗಾಗಿದ್ದವು. ಅವನ ಹಾಡಿಗೆ ಇಪ್ಪತ್ತೈದು ವರ್ಷಕ್ಕೂ ಮೇಲೆ ಪಿಯಾನೊ ನುಡಿಸಿದವಳು. ಅವನಿಗಿಂತ ಐದು ವರ್ಷಕ್ಕೆ ದೊಡ್ಡವಳು.

“ಹೇಗಿದೆ ಹವಾ?” ಎಂದಳು. ಹವಾ ಎಂದರೆ ಕಂಠ. ಅವರಿಬ್ಬರ ನಡುವೆ ಹಾಗೇ ರೂಢಿ.

“ಬಿಸಿಲು,” ಎಂದ ಬೆಸ್ಲರ್. “ಒಳ್ಳೇ ಬಿಸಿಲು.”

“ಮಫ್ಲರು ಕಣ್ಣವರೆಗಿದೆ.”

“ಗಾಳಿ ಇತ್ತು ಹೊರಗೆ.”

“ಎಲೆ ಅಲ್ಲಾಡ್ತಿಲ್ವಲ್ಲ ಬೆಸ್ಲರ್ ಅವರೇ,” ಎಂದು ಕಿಟಕಿಯ ಕಡೆ ನೋಡಿ ಹೇಳಿ, ಮತ್ತೆ ಕೇಳಲಿಲ್ಲ. ಕೇಳದೆ ಬಿಡುವುದು ಅವಳ ಅಭ್ಯಾಸ. ಅವನು ಕನ್ನಡಿಯ ಮುಂದೆ ಬೋ ಕಟ್ಟಿಕೊಳ್ಳುತ್ತ ಅವಳನ್ನು ಕನ್ನಡಿಯಲ್ಲಿ ನೋಡಿದ. ಅವಳ ಮುಖವನ್ನು ಹೆಚ್ಚಾಗಿ ಹೀಗೆ ಕನ್ನಡಿಯಲ್ಲೇ ನೋಡಿದ್ದ. ವೇದಿಕೆಯ ಮೇಲೆ ಯಾವಾಗಲೂ ಅವಳಿಗೆ ಬೆನ್ನು. ಅದು ಅವನ ತಪ್ಪಲ್ಲ, ಹಾಡುವವರು ನಿಲ್ಲುವುದೇ ಹಾಗೆ. ಆದರೆ ಗ್ರಾಟ್ಸಿನ ರೇಡಿಯೋದಲ್ಲಿ ಅವನನ್ನು ಮಾತಾಡಿಸಿದಾಗ ಪಿಯಾನೊ ತಯಾರಿಸಿದ ಕಂಪನಿಯ ಹೆಸರನ್ನು ಪ್ರೀತಿಯಿಂದ ಹೇಳಿ, ನುಡಿಸಿದವಳ ಹೆಸರು ಬಿಟ್ಟಿದ್ದ. ವಾಪಸು ರೈಲಿನಲ್ಲಿ ಅವಳು ಬ್ರೆಡ್ಡಿಗೆ ಬೆಣ್ಣೆ ಸವರಿ ಅವನ ಕೈಗೆ ಕೊಟ್ಟು, “ಪಿಯಾನೊ ತುಂಬ ಖುಷಿ ಪಟ್ಟಿರತ್ತೆ,” ಎಂದಿದ್ದಳು, ಅಷ್ಟೆ. ಬಾಗಿಲಿಗೆ, ಟ್ರಾಮಿಗೆ, ಹಲ್ಲಿಗೆ ಹೇಳಿದ್ದನ್ನು ಇವಳಿಗೆ ಯಾಕೆ ಹೇಳಲಿಲ್ಲ? ಹೇಳಲು ಹೊತ್ತೇ ಸಿಗುತ್ತಿರಲಿಲ್ಲ. ಕಚೇರಿ ಮುಗಿದ ಮೇಲೆ ಹೂವು, ಜನ, ಕೈ ಕುಲುಕುವವರು. ಕಚೇರಿಗೆ ಮುಂಚೆ ಹೇಳುವಂತೆಯೇ ಇರಲಿಲ್ಲ. ಯಾಕೆಂದರೆ ಕಚೇರಿಗೆ ಮುಂಚೆ ಇವರಲ್ಲಿ ದೃಷ್ಟಿ ತೆಗೆಯುವುದೊಂದಿದೆ. ಒಬ್ಬರ ಎಡ ಭುಜದ ಮೇಲಿನಿಂದ ಇನ್ನೊಬ್ಬರು ಒಣಬಾಯಲ್ಲಿ ಉಗಿದ ಹಾಗೆ ‘ತೊಯ್ ತೊಯ್ ತೊಯ್’ ಎನ್ನುವುದು. ಉಗಿಸಿಕೊಂಡವರು ಡಾಂಕೆ ಎನ್ನಕೂಡದು. ಅಂದರೆ ತೆಗೆದ ದೃಷ್ಟಿಯೆಲ್ಲ ವಾಪಸು ಬಂದು ತಲೆಯ ಮೇಲೆ ಕೂರುತ್ತದೆ. “ಎಡವಟ್ಟಾಗೋದೇ ಸೈ ಬಿಡಿ,” ಎನ್ನಬೇಕು. ಹಾಗಂದರೆ ಎಡವಟ್ಟು ನಾಚಿಕೊಂಡು ದೂರ ಹೋಗುತ್ತದೆ. ನಾಟಕದವರು, ಹಾಡುವವರು, ಕುಣಿಯುವವರು ಯಾರೂ ಇದನ್ನು ಮೀರುವುದಿಲ್ಲ. ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ.

ಹೊರಗೆ ಶ್ರೀಮತಿ ಓಬರ್ಲೆ ಮೈಕಿನ ಮುಂದೆ ಆಗಲೇ ಶುರು ಮಾಡಿದ್ದಳು. “... ಅರವತ್ಮೂರು ವಯಸ್ಸು, ಮೂಲ ಶ್ರುತಿ, ಒಂದು ಮನೆ ಕೂಡ ಇಳಿಸಿಲ್ಲ! ನಮ್ಮೂರಿನ ಬಿಸಿನೀರು ಕುಡಿದ್ರೆ ನಮಗೂ ಹೀಗಾಗತ್ತಾ ಅಂತ ಕೇಳಬೇಡಿ. ಆಗಲ್ಲ. ನಾನು ಕುಡೀತಾನೇ ಇದೀನಿ.” ಜನ ನಕ್ಕರು. ಪರದೆಯ ಹಿಂದೆ ಬೆಸ್ಲರ್ ಬಿಳಿ ಐದು, ಬಿಳಿ ಐದು ಎಂದು ಒಳಗೇ ಜಪಿಸುತ್ತಿದ್ದ. ಮೊಟ್ಟೆಯ ತಲೆ ಒಡೆದ ಮುದುಕ ಮೊದಲ ಸಾಲಿನಲ್ಲಿ ಕೂತಿದ್ದರೆ? ಜೇನುತುಪ್ಪ ತಂದಿದ್ದರೆ? ಹಿಂದಿನಿಂದ ಗೆರ್ಲಿಂಡ ಬಂದು, ಹಿಮ್ಮಡಿ ಎತ್ತಿ, ಅವನ ಎಡ ಭುಜದ ಮೇಲಿನಿಂದ “ತೊಯ್ ತೊಯ್ ತೊಯ್” ಎಂದಳು.

“ಡಾಂಕೆ,” ಎಂದ ಬೆಸ್ಲರ್.

ಬಾಯಿಂದ ಬಿದ್ದುಹೋಯಿತು. ತಟ್ಟೆ ಎತ್ತುವ ಹುಡುಗಿಗೆ ಹೇಳಿದಷ್ಟೇ ಸಲೀಸಾಗಿ. ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ಗೆರ್ಲಿಂಡಳ ಮುಖದಲ್ಲಿ ರಕ್ತ ಇಳಿದದ್ದನ್ನು ಈ ಸಲ ಕನ್ನಡಿಯಿಲ್ಲದೆ ನೇರವಾಗಿ ನೋಡಿದ.

“ಏನಂದ್ರಿ?”

“ಏನೂ ಇಲ್ಲ. ಏನೂ ಅನ್ಲಿಲ್ಲ ನಾನು.”

“ಅಯ್ಯೋ ದೇವರೇ. ಇಷ್ಟು ವರ್ಷಕ್ಕೆ ಒಂದ್ಸಲ ಆ ಮಾತು ಹೇಳಿದ್ರಿ, ಅದೂ ಇಲ್ಲಿ ಹೇಳಿದ್ರಾ?”

“ಎಡವಟ್ಟಾಗೋದೇ ಸೈ, ಎಡವಟ್ಟಾಗೋದೇ ಸೈ,” ಎಂದು ಅವನು ಅವಸರದಲ್ಲಿ ಮೇಲಿಂದ ಮೇಲೆ ಹೇಳಿದ.

“ಈಗ ಹೇಳಿ ಏನು ಬಂತು? ಹಾಲು ಚೆಲ್ಲಿದ್ಮೇಲೆ ಒಲೆ ಆರಿಸಿದ ಹಾಗೆ.” ಅವಳು ಅವನ ಮುಖವನ್ನು, ಮಫ್ಲರು ಬಿಚ್ಚಿದ ಕೊರಳನ್ನು, ಇನ್ನೊಮ್ಮೆ ಮುಖವನ್ನು ನೋಡಿದಳು. ಏನೋ ಕೇಳುವವಳಂತೆ ತುಟಿ ತೆರೆದು, ಕೇಳಲಿಲ್ಲ. “ನಡೀರಿ. ಜನ ಕಾಯ್ತಿದಾರೆ. ನಾನಿದೀನಿ.”

ನಾನಿದೀನಿ ಎಂಬುದನ್ನೂ ಅವಳು ಅದುವರೆಗೆ ಹೇಳಿದ್ದಿಲ್ಲ.

ಬೆಳಕು, ಚಪ್ಪಾಳೆ, ಪಿಯಾನೊದ ಬಾಗು. ಇಲ್ಲಿಗೆ ಬಂದು ನಿಂತರೆ ಭಯಕ್ಕೂ ಒಂದು ಮರ್ಯಾದೆ ಬರುತ್ತದೆ, ಅದೂ ಕೋಟು ಹಾಕಿಕೊಂಡು ನಿಲ್ಲುತ್ತದೆ. ಮೊದಲ ಹಾಡು ಹೋಯಿತು, ಎರಡನೆಯದು ಹೋಯಿತು. ಗೀತಮಾಲೆಯ ನಡುವೆ ಚಪ್ಪಾಳೆ ಹೊಡೆಯುವಂತಿಲ್ಲ. ಹಾಡು ಮುಗಿದಾಗಲೆಲ್ಲ ಜನ ತಡೆಹಿಡಿದ ಕೆಮ್ಮನ್ನೆಲ್ಲ ಒಟ್ಟಿಗೆ ಬಿಡುತ್ತಿದ್ದರು, ಕೋಳಿಗೂಡಿನ ಬಾಗಿಲು ತೆಗೆದ ಹಾಗೆ. ಕೊನೆಯ ಸಾಲಿನಲ್ಲಿ ಒಬ್ಬಾಕೆ ಕೈಗಡಿಯಾರ ನೋಡಿದಳು. ಒಂದು ಗಂಟೆಗೆ ಊರಿನ ಎಲ್ಲ ಒಲೆಗಳಲ್ಲೂ ಭಾನುವಾರದ ಮಾಂಸ ಹದಕ್ಕೆ ಬರಬೇಕು. ಬೆಸ್ಲರನಿಗೆ ಅವಳ ಮೇಲೂ ಪ್ರೀತಿ ಬಂತು. ಒಲೆಯ ಮೇಲೆ ಮಾಂಸ ಬಿಟ್ಟು ನನ್ನನ್ನು ಕೇಳಲು ಬಂದಿದ್ದಾಳಲ್ಲ ಎನಿಸಿತು. ಹಾಡುತ್ತ ಹಾಡುತ್ತಲೇ ಯೋಚನೆ ಇನ್ನೊಂದು ಹಳಿಯ ಮೇಲೆ ಓಡುತ್ತಿತ್ತು: ಇವತ್ತು ಒಡೆದುಹೋದರೆ ಹೋಗಲಿ, ಇಷ್ಟು ಕಾಲ ಇತ್ತಲ್ಲ. ಸಾಯುವ ನಾಯಿಯನ್ನು ಬೈಯುತ್ತಾರೆಯೆ? ಆದರೆ ಇಲ್ಲಿ ಬೇಡ, ಆ ದಪ್ಪಕ್ಷರದ ಕೆಳಗೆ ಬೇಡ, ನಾಳೆ ಮನೆಯಲ್ಲಿ ಒಡೆಯಲಿ. ಹೀಗೆ ಚೌಕಾಶಿ ಮಾಡುತ್ತಿರುವಾಗಲೇ ಕೊನೆಯ ಹಾಡು ಬಂದುಬಿಟ್ಟಿತು.

ಉಪ್ಪಿನ ಮೂಟೆ ಹೊತ್ತವನೊಬ್ಬ ಸಂಜೆಗೆ ಹೊಳೆಯ ದಡಕ್ಕೆ ಬರುತ್ತಾನೆ, ಆಚೆ ದಡದ ಅಂಬಿಗನನ್ನು ಕೂಗುತ್ತಾನೆ. ಇಷ್ಟೇ ಹಾಡು. ಕೂಗು ಮೆಟ್ಟಿಲು ಮೆಟ್ಟಿಲಾಗಿ ಏರಿ ‘ಆಚೆ’ ಎನ್ನುವಲ್ಲಿ ತುದಿ ಮುಟ್ಟಬೇಕು. ಕಡೆಗೆ ಅಂಬಿಗ ಬರುವುದಿಲ್ಲ. ಹೊತ್ತವನು ‘ಹೊರೆ ಇಳಿಸಿದೆ’ ಎನ್ನುತ್ತಾನೆ, ಸ್ವರ ತಳಕ್ಕೆ ಇಳಿದು ಕೂರುತ್ತದೆ. ಗೆರ್ಲಿಂಡ ಹೊಳೆಯ ನೀರನ್ನು ಶುರು ಮಾಡಿದಳು. ಬೆಸ್ಲರ್ ಹತ್ತಿದ. ಒಂದು, ಇನ್ನೊಂದು. ತುದಿಯ ಹತ್ತಿರ ಬಂದಾಗ ಕಣ್ಣು ಮುಚ್ಚಿದ. ಬಾಗಿಲ ಕೀಲು, ಜೇನಿನ ಬಟ್ಟಲು, ಲೋಥಾರನ ತಲೆಯ ಸುಳಿ ಎಲ್ಲ ಒಂದೇ ಉಸಿರಿನೊಳಗೆ ಬಂದವು. ‘ಆ’ ಎಂದ.

ಬಂತು. ತುಂಬಿಕೊಂಡು, ದುಂಡಗೆ, ಏನೂ ಆಗಿಲ್ಲವೆಂಬಂತೆ ಬಂತು. ಬಂದದ್ದಷ್ಟೇ ಅಲ್ಲ, ಬಹಳ ಸುಲಭವಾಗಿ ಬಂತು. ಅಟ್ಟದ ಮೇಲಿನ ಡಬ್ಬಿಗೆ ತುದಿಗಾಲಲ್ಲಿ ಕೈ ಚಾಚಿದವನಿಗೆ ಅದು ಎದೆಯ ಮಟ್ಟದಲ್ಲೇ ಸಿಕ್ಕಿದ ಹಾಗೆ. ಬೆಸ್ಲರನಿಗೆ ಸಂತೋಷವಾಗುವುದಕ್ಕಿಂತ ಮುಂಚೆ ಅನುಮಾನವಾಯಿತು. ಅದನ್ನು ಅಲ್ಲಿಯೇ ಬಿಟ್ಟು ಇಳಿಯುತ್ತ ಬಂದ, ‘ಹೊರೆ ಇಳಿಸಿದೆ’ ಎನ್ನುವಲ್ಲಿಗೆ. ಸದಾ ಆರಾಮಾಗಿ ಕೂರುತ್ತಿದ್ದ ತಳದ ಸ್ವರ ಕೈಗೆ ಸಿಗದೆ ಇನ್ನೂ ಕೆಳಕ್ಕೆ ಹೋಯಿತು. ಕತ್ತಲ ಮೆಟ್ಟಿಲಲ್ಲಿ ಇಲ್ಲದ ಇನ್ನೊಂದು ಮೆಟ್ಟಿಲಿಗೆ ಕಾಲಿಟ್ಟ ಹಾಗಾಯಿತು. ಗೊರಗೊರ ಎನ್ನುವ ನೆಲದ ಸದ್ದು ಬಂತು. ಜನಕ್ಕೆ ಅದು ಮೂಟೆ ಇಳಿಸಿದವನ ನಿಟ್ಟುಸಿರಿನಂತೆ ಕೇಳಿತು, ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಹಾಡುವವನ ಪಾಲು ಮುಗಿದಿತ್ತು. ಇನ್ನು ಪಿಯಾನೊ ಒಂದೇ ಹೊಳೆಯಾಗಿ ಹರಿದು ನಿಲ್ಲಬೇಕು. ಆಗ ಹಾಡುವವನು ಅಲ್ಲಾಡಬಾರದು, ಆಚೆ ದಡವನ್ನು ನೋಡುತ್ತ ನಿಲ್ಲಬೇಕು, ಅದು ನಿಯಮ. ಬೆಸ್ಲರ್ ತಿರುಗಿದ. ಹಾಡಿನ ನಡುವೆ ಅವಳ ಕೈಗಳನ್ನು ನೋಡಿದ್ದು ಅದೇ ಮೊದಲು. ಶುಂಠಿಯಂಥ ಆ ಬೆರಳುಗಳು ಬಿಳಿ ನಾಲ್ಕರ ಮೇಲೆ ಮನೆ ಮಾಡಿಕೊಂಡಿದ್ದವು. ಬಿಳಿ ಐದಲ್ಲ. ನಡುವಿನ ಕಪ್ಪನ್ನೂ ಎಣಿಸಿದರೆ ಎರಡು ಮನೆ ಕೆಳಗೆ.

ಅವಳು ತಲೆಯೆತ್ತಲಿಲ್ಲ. ಕಿವಿಯವರೆಗೆ ಕೆಂಪಾಗಿದ್ದಳು.

ಎರಡು ಮನೆ ಇಳಿದರೆ ಗೊತ್ತಾಗುತ್ತದೆ. ಒಂದು ಮನೆ ಇಳಿದರೆ? ಹೊಳೆಯ ನೀರು ಇನ್ನೂ ಹರಿಯುತ್ತಿತ್ತು, ಬೆಸ್ಲರನ ತಲೆಯಲ್ಲಿ ಮನೆಯ ಪಿಯಾನೊ ಬಂದು ನಿಂತಿತು. ಯಾರದೋ ಅಜ್ಜನ ಕಾಲದ್ದು. ಶ್ರುತಿ ಮಾಡುವವನು ಎಂದೋ ಹೇಳಿದ್ದ, “ತಂತಿ ಎಳೆದ್ರೆ ಹರಿದುಹೋಗತ್ತೆ ಯಜಮಾನ್ರೇ, ಒಂದು ಮನೆ ಇಳಿದು ಕೂತಿದೆ, ಕೂತ್ಕೊಳ್ಲಿ ಬಿಡಿ, ವಯಸ್ಸಾಗಿದೆ ಅದಕ್ಕೆ.” ಹೂಂ ಎಂದು ಕಾಫಿ ಕೊಟ್ಟು ಕಳಿಸಿದ್ದ, ಮರೆತಿದ್ದ. ಮನೆಯಲ್ಲಿ ಪಿಯಾನೊ ಅವನ ಜೊತೆ ಸದ್ದಿಲ್ಲದೆ ಇಳಿದಿತ್ತು. ಊರೂರುಗಳಲ್ಲಿ ಪಿಯಾನೊ ಇಳಿಯುವುದಿಲ್ಲವಲ್ಲ. ಅಲ್ಲಿ ಇವಳು ಇಳಿಸಿದ್ದಳು. ಅವನ ಬೆನ್ನ ಹಿಂದೆ. ಬೆಳಿಗ್ಗೆ ಹೋಟೆಲಿನ ಪಿಯಾನೊ ಒಂದೇ ಸುಳ್ಳು ಹೇಳಿರಲಿಲ್ಲ. ಇವತ್ತು ಆ ಹಾಳು ಡಾಂಕೆಯ ಭಯಕ್ಕೆ ಇನ್ನೂ ಒಂದು ಮನೆ.

ಕೊನೆಯ ಹನಿ ನಿಂತಿತು. ಯಾರೂ ಕೆಮ್ಮಲಿಲ್ಲ. ಆ ಮೌನ ಎಷ್ಟು ಹೊತ್ತಿತ್ತೆಂದರೆ ಒಲೆಯ ಮೇಲಿನ ಮಾಂಸಗಳು ಸೀದುಹೋದವು ಎಂದು ಆಮೇಲೆ ಊರಲ್ಲಿ ಹೇಳಿಕೊಳ್ಳುತ್ತಿದ್ದರು. ಆಮೇಲೆ ಚಪ್ಪಾಳೆ. ಇಬ್ಬರೂ ಬಾಗಿ, ಪರದೆಯ ಹಿಂದಕ್ಕೆ ಬಂದು, ಮಡಿಸಿಟ್ಟ ಕುರ್ಚಿಗಳ ನಡುವೆ ಎದುರುಬದುರು ನಿಂತರು.

“ಯಾವಾಗಿಂದ?” ಎಂದ ಬೆಸ್ಲರ್.

“ಏನು ಯಾವಾಗಿಂದ?”

“ಗೆರ್ಲಿಂಡ ಅವರೇ.”

ಅವಳು ಬಿಸಿನೀರಿನ ಚೀಲ ಎತ್ತಿಕೊಂಡು ಕೈ ಬೆಚ್ಚಗೆ ಮಾಡಿಕೊಂಡಳು. “ಹಾಲೆಯಲ್ಲಿ ನಿಮಗೆ ನೆಗಡಿ ಆಗಿತ್ತಲ್ಲ. ಅವತ್ತು ಒಂದಿನಕ್ಕೆ ಅಂತ ಒಂದು ಮನೆ ಇಳಿಸ್ದೆ.”

“ಅದಾಗಿ ಒಂಬತ್ತು ವರ್ಷ ಆಯ್ತು!”

“ನೆಗಡಿ ಪೂರ್ತಿ ವಾಸಿ ಆಗ್ಲಿ ಅಂತ ಕಾಯ್ತಿದ್ದೆ.”

ಬೆಸ್ಲರನಿಗೆ ನಗು ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಒಂಬತ್ತು ವರ್ಷ ಅವನು ಎದೆಯುಬ್ಬಿಸಿ ನಿಂತದ್ದು, ಶಿಷ್ಯರಿಗೆ ಬುದ್ಧಿ ಹೇಳಿದ್ದು, ಲೋಥಾರನ ಸೂಪಿಗೆ ಕಲ್ಲಿದ್ದಲು ಹಾಕಿದ್ದು ಎಲ್ಲವೂ ಒಂದು ಮನೆ ಕೆಳಗೆ. ಅವಮಾನ ಎಲ್ಲಿ ಎಂದು ತನ್ನೊಳಗೆ ಹುಡುಕಿದ. ಇತ್ತು, ಮೂಲೆಯಲ್ಲಿ ಸಣ್ಣದಾಗಿ ಕೂತಿತ್ತು. ಆದರೆ ಅದಕ್ಕೆ ಕೂರಲು ಜಾಗ ಸಾಲುತ್ತಿರಲಿಲ್ಲ. “ಒಂದು ಮನೆ ಇಳಿಸಿದ್ರೆ ಎಲ್ಲಾ ಕಪ್ಪು ಮನೆಗಳಲ್ಲವಾ ಆ ಹಾಡು?” ಎಂದ. “ನಿಮ್ಮ ಕೈಯಲ್ಲಿ ಅದು... ಅಷ್ಟು ಕಪ್ಪು ಮನೆ...”

“ಮಳೆಗಾಲದಲ್ಲಿ ಸ್ವಲ್ಪ ಜುಮ್ ಅನ್ನತ್ತೆ.”

“ಹೇಳ್ಬಾರದಿತ್ತಾ ನನಗೆ?”

“ಹೇಳಿದ್ರೆ ಒಪ್ತಿದ್ರಾ? ಮೂಲ ಶ್ರುತಿ ಅಂತ ಅಂಟಿಸಿದ ಗೋಡೆಗೇ ತಲೆ ಚಚ್ಕೋತಿದ್ರಿ. ಕಂಠ ಒಡ್ಕೋತಿದ್ರಿ. ಆಮೇಲೆ ನಾನು ಯಾರಿಗೆ ನುಡಿಸಲಿ?” ಮಾತು ಮುಗಿಸಿ ಅವಳು ಸಿಟ್ಟು ಬಂದವಳ ಹಾಗೆ ಮೂಗೊರೆಸಿಕೊಂಡಳು.

ಪರದೆ ಸರಿಸಿ ಶ್ರೀಮತಿ ಓಬರ್ಲೆ ತಲೆ ಹಾಕಿದಳು. “ಇಬ್ಬರೂ ಇಲ್ಲೇ ಸಂಸಾರ ಹೂಡಿದ್ರಾ? ಜನ ಎದ್ದು ನಿಂತಿದಾರೆ. ಇನ್ನೊಂದು ಹಾಡಿ, ಇಲ್ದಿದ್ರೆ ಇವರು ಮನೆಗೆ ಹೋಗಲ್ಲ, ನನ್ನ ಬಾತುಕೋಳಿ ಒಲೇಲಿ ಬೂದಿ ಆಗತ್ತೆ.”

ಇಬ್ಬರೂ ವೇದಿಕೆಗೆ ಹೋದರು. ಬೆಸ್ಲರ್ ಬಾಗಿನಲ್ಲಿ ನಿಲ್ಲದೆ ವೇದಿಕೆಯ ತುದಿಗೆ ಬಂದು ಕೈಯೆತ್ತಿದ. ಚಪ್ಪಾಳೆ ತಗ್ಗಿತು. “ಊರಿನ ಕಂಬಗಳ ಮೇಲೆಲ್ಲ ಒಂದು ಸುಳ್ಳು ಅಂಟಿಸಿದಾರೆ,” ಎಂದ. “ಅಂಟಿಸಿದ್ದು ಶ್ರೀಮತಿ ಓಬರ್ಲೆ ಅವರು, ಹೇಳಿದ್ದು ನಾನು. ನೀವು ಈಗ ಕೇಳಿದ ಕೊನೇ ಹಾಡು ಮೂಲ ಶ್ರುತಿ ಅಲ್ಲ. ಎರಡು ಮನೆ ಕೆಳಗೆ.”

ಮೂರನೇ ಸಾಲಿನಿಂದ ಒಬ್ಬ ದಪ್ಪ ಮನುಷ್ಯ, “ನಮಗೇನೂ ಗೊತ್ತಾಗ್ಲೇ ಇಲ್ಲ ಸ್ವಾಮಿ!” ಎಂದು ಕೂಗಿದ.

“ನನಗೂ ಗೊತ್ತಾಗಿರಲಿಲ್ಲ,” ಎಂದ ಬೆಸ್ಲರ್. “ಒಂಬತ್ತು ವರ್ಷದಿಂದ.” ತಿರುಗಿ ಪಿಯಾನೊದ ಕಡೆ ಕೈ ತೋರಿಸಿದ. “ಗೆರ್ಲಿಂಡ ಫೋಸ್. ಇವರಿಗೆ ಗೊತ್ತಿತ್ತು.”

ಜನ ನಕ್ಕ ಸದ್ದಿಗೆ ಬುಗ್ಗೆಗಳ ತೋಟದ ಪಾರಿವಾಳಗಳೆಲ್ಲ ಎದ್ದು ಹಾರಿರಬೇಕು. ನಗುವಿನ ನಡುವೆಯೇ ಅವರು ಮತ್ತೆ ಚಪ್ಪಾಳೆ ತಟ್ಟತೊಡಗಿದರು, ಈ ಸಲ ಇನ್ನೊಂದು ದಿಕ್ಕಿಗೆ ಮುಖ ಮಾಡಿ. ಗೆರ್ಲಿಂಡ ಎದ್ದು ನಿಲ್ಲಲೂ ತೋಚದೆ, ಕೂರಲೂ ತೋಚದೆ, ಕುರ್ಚಿಯನ್ನು ಮುಂದೆ ಎಳೆದುಕೊಂಡಳು, ಹಿಂದೆ ತಳ್ಳಿದಳು. ಬೆಸ್ಲರ್ ಹತ್ತಿರ ಹೋಗಿ ಬಗ್ಗಿದ. ಲೋಥಾರನ ಮನೆಗೆ ಈ ವಾರವೇ ಹೋಗಬೇಕು ಎಂಬ ಯೋಚನೆ ಹಾಗೇ ಹಾದುಹೋಯಿತು, ಅಡುಗೆ ಮನೆಯ ಕಿಟಕಿಯಲ್ಲಿ ಗುಬ್ಬಿ ಹಾದುಹೋದಂತೆ.

“ಯಾವ ಹಾಡು?” ಎಂದಳು ಮೆಲ್ಲಗೆ. “ಯಾವ ಮನೆ?”

“ನಿಮ್ಮ ಬೆರಳಿಗೆ ಎಲ್ಲಿ ಸುಖವೋ ಅಲ್ಲಿಂದ ಶುರು ಮಾಡಿ. ನಾನು ಹಿಂದೆ ಬರ್ತೀನಿ.”

ಅವಳು ಅವನನ್ನು ನೋಡಿದಳು. ಕೈಗಳನ್ನು ಒಮ್ಮೆ ಉಂಡೆಯಂತೆ ಮುದುರಿ, ಬಿಡಿಸಿ, ಮನೆಗಳ ಮೇಲೆ ಇಟ್ಟಳು. ಬೆಸ್ಲರ್ ಬಾಗಿನಲ್ಲಿ ಹೋಗಿ ನಿಂತ, ಜನರಿಗೆ ಪಕ್ಕೆ ಕೊಟ್ಟು, ಅವಳ ಕಡೆಗೆ ಮುಖ ಮಾಡಿ. ಅವಳು ನುಡಿಸಿದ ಮೊದಲ ಸ್ವರ ಯಾವುದು, ಬಿಳಿಯೋ ಕಪ್ಪೋ, ಎಂದು ಅವನು ನೋಡಲಿಲ್ಲ. ಹಾಡು ಯಾವುದೆಂದು ಎರಡನೆಯ ಸ್ವರಕ್ಕೆ ಗೊತ್ತಾಯಿತು. ಗೊತ್ತಾಗಿ ಬಾಯಿ ತೆರೆದ.